ಹೆಬ್ಬಾಳಕ್ಕೆ ಕಳಿಸದ ಅಮ್ಮ, ಪ್ಯಾರಿಸ್ಸಿಗೆ ಕರ್ಕೊಂಡು ಹೋದ ಮಗಳು

ಏನ್ರೀ, ಮಗಳ ಜೊತೆ ಯೂರೋಪ್ ಸುತ್ತಿ ಬಂದ್ರಂತೆ? ಮುಚ್ಚಿಡೋಕೆ ಹೋಗ್ಬೇಡಿ, ಯಲಹಂಕ ನ್ಯೂಟೌನಿನ ಅರ್ಧ ಮನೆಗಳ ಫ್ರಿಜ್ಜಿನ ಮೇಲೆ ನಿಮ್ಮ ಮ್ಯಾಗ್ನೆಟ್ ಕೂತಿದೆ. ನನಗೆ ಬಂದದ್ದು ಪೀಸಾ ಗೋಪುರ. (ನೆಟ್ಟಗೆ ಅಂಟಿಕೊಂಡಿದೆ ಪಾಪ. ನೀವು ಪೀಸಾಕ್ಕೆ ಹೋಗೇ ಇಲ್ಲ, ರೋಮಿನ ಅಂಗಡೀಲಿ ತಗೊಂಡದ್ದು ಅಂತಾನೂ ಗೊತ್ತು. ಯಾರು ಹೇಳಿದ್ರು ಅಂತ ಆಮೇಲೆ ಹೇಳ್ತೀನಿ.)

"ಮಗಳಿಗೆ ಪ್ರಪಂಚ ತೋರಿಸ್ಬೇಕು ಕಣ್ರೀ" ಅಂತ ತಾನೆ ಹೊರಟದ್ದು? ಒಳ್ಳೇದೇ. ಆದ್ರೆ ನನ್ನ ಮುಖ ನೋಡಿ ಹೇಳಿ: ಹದಿನೈದು ತುಂಬಿದ ಆ ಹುಡುಗೀನ ಒಂದು ದಿನಕ್ಕಾದ್ರೂ ಒಬ್ಬಳನ್ನೇ ಬಸ್ ಹತ್ತಿಸಿ ಹೆಬ್ಬಾಳಕ್ಕೆ ಕಳಿಸಿದ್ದೀರಾ? 2023ರ ಜೂನಿನಿಂದ ಶಕ್ತಿ ಯೋಜನೇಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ದುಡ್ಡು ಬೇಡದ ಕಡೆ ನಿಮಗೆ ಧೈರ್ಯ ಸಾಲಲ್ಲ.

ಅವಳ ವಯಸ್ಸಿನ ವಿಷಯದಲ್ಲಂತೂ ಮೊದಲಿಂದಲೂ ನಿಮ್ಮ ಲೆಕ್ಕವೇ ಬೇರೆ. ಹದಿಮೂರರವಳನ್ನ ತಿರುಪತಿ ಬಸ್ಸಲ್ಲಿ "ಹನ್ನೊಂದು ಸಾರ್, ಉದ್ದ ಬೆಳೆದುಬಿಟ್ಟಿದ್ದಾಳೆ ಅಷ್ಟೇ" ಅಂದವರು ನೀವು. (ಕಂಡಕ್ಟರ್ ಅವಳನ್ನ ನೋಡಿದ, ಅವಳು ಕಿಟಕಿ ನೋಡಿದಳು.) ಷೆಂಗೆನ್ ವೀಸಾದವರ ಹತ್ರ ಆ ಆಟ ನಡೀಲಿಲ್ಲ ಅಲ್ವಾ? ಹನ್ನೆರಡು ತುಂಬಿತೋ, ದೊಡ್ಡವರ ಸಮಕ್ಕೆ 90 ಯೂರೋ ಕಕ್ಕಬೇಕು. ಅದೇ ಹುಡುಗಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಬಾಗಿಲಿಗೆ ಹೋದರೆ ಹದಿನೆಂಟರ ಒಳಗಿನವಳು, ಫ್ರೀ!

ಯಜಮಾನರು ಜೊತೆಗೆ ಬರ್ತಿಲ್ಲ ಅಂದಮೇಲೆ ಅವರದ್ದೊಂದು ಒಪ್ಪಿಗೆ ಪತ್ರ ಬೇರೆ, ನೋಟರಿ ಸೀಲು ಸಮೇತ. ಇಪ್ಪತ್ತು ವರ್ಷದಲ್ಲಿ ಪರದೆ ಬಟ್ಟೆಗೂ ಅವರ ಒಪ್ಪಿಗೆ ಕೇಳದ ನೀವು, ಆರ್.ಟಿ. ನಗರದಲ್ಲಿ ನೋಟರಿ ಟೇಬಲ್ಲಿನ ಮುಂದೆ ಅವರ ಸಹಿಗೆ ಕಾದು ನಿಂತ್ರಿ. ಅವರು ಆ ಒಂದು ಹಾಳೆಯನ್ನ ಮೂರು ಸಲ ಓದಿದರಂತೆ. ಕನ್ನಡಕ ಒರೆಸಿ ಇನ್ನೊಂದ್ಸಲ.

ತುಪ್ಪದ ಕಥೆ ಹೇಳ್ಲಾ? ಹೊರಗಿನ ದೇಶದಿಂದ ಯೂರೋಪಿಗೆ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ ಅಂತ ಅವಳು ಓದಿ ಹೇಳಿದ್ಳು. ನೀವು "ಒಂದು ಚೂರು ತಾನೆ" ಅಂತ ಬಾಟ್ಲಿಗೆ ಮೂರು ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು, ಕಾಲುಚೀಲದೊಳಗೆ ತೂರಿಸಿದ್ರಿ. ರಾತ್ರಿ ಅವಳು ತೆಗೆದು ಅಡುಗೆಮನೇಲಿಟ್ಟಳು. ಬೆಳಿಗ್ಗೆ ನೀವು ಮತ್ತೆ ಒಳಗಿಟ್ರಿ. ಪ್ಯಾರಿಸ್ಸಲ್ಲಿ ಕಾಲುಚೀಲ ಬಿಚ್ಚಿದ್ರೆ ಒಳಗೆ ತೆಂಗಿನೆಣ್ಣೆ!

ಅಲ್ಲಿಂದ ಶುರುವಾಯ್ತು ನೋಡಿ ನಿಮ್ಮ ಬಾಲ್ಯ. "ಅಮ್ಮಾ, ಬ್ಯಾಗು ಮುಂದಕ್ಕೆ ಹಾಕ್ಕೋ. ಎಸ್ಕಲೇಟರಲ್ಲಿ ಬಲಗಡೆ ನಿಂತ್ಕೋ. ಟಿಕೆಟ್ ಬಿಸಾಡ್ಬೇಡ. ಟಾಯ್ಲೆಟ್ಟಿಗೆ ಈಗಲೇ ಹೋಗ್ಬಾ, ಆಮೇಲೆ ಸಿಗಲ್ಲ." ಎಲ್ಲೋ ಕೇಳಿದ ಹಾಗಿದೆಯಾ? ಕೇಳಿದ್ದಲ್ಲರೀ, ಬನ್ನೇರುಘಟ್ಟದಲ್ಲಿ ಹುಲಿ ತೋರಿಸೋಕೆ ಹೋದಾಗ ನೀವೇ ಹೇಳಿದ್ದು.

ಮೆಟ್ರೋದಲ್ಲಿ ಏನಾಯ್ತು ಅಂತಾನೂ ಗೊತ್ತು. ಅವಳು ಒಳಗೆ ಹತ್ತಿದ್ಳು, ನೀವು ಬೋರ್ಡ್ ಓದ್ತಾ ನಿಂತ್ರಿ, ಬಾಗಿಲು ಮುಚ್ಚಿತು. ಗಾಜಿನಾಚೆಯಿಂದ ಅವಳು ಅಂಗೈ ಅಗಲಿಸಿ ತೋರಿಸಿದ್ಳು: ಅಲ್ಲೇ ಇರು. ನೀವು ಇದ್ರಿ! ಒಂದು ಹೆಜ್ಜೆ ಆಚೀಚೆ ಹೋಗದೆ, ಬ್ಯಾಗು ಮುಂದಕ್ಕೆ ಅಪ್ಪಿಕೊಂಡು, ಅವಳು ಮುಂದಿನ ಸ್ಟೇಷನ್ನಿಂದ ವಾಪಸ್ ಬರೋವರೆಗೂ. (ಕಣ್ಣಲ್ಲಿ ನೀರು ಬಂದಿತ್ತಂತೆ. ನೀವು ಎಸಿ ಗಾಳಿ ಅಂದ್ರಂತೆ.)

ಆದ್ರೂ ಹಟ ಬಿಟ್ರಾ? ಲೂವ್ರ್ ಮಂಗಳವಾರ ಮುಚ್ಚಿರುತ್ತೆ ಅಂತ ಅವಳು ಬಡ್ಕೊಂಡ್ರೆ, "ಮಂಗಳವಾರ ರಜಾ ಇರೋಕೆ ಅದೇನು ಕಟಿಂಗ್ ಶಾಪಾ?" ಅಂದ್ರಿ. ಹೋದ್ರಿ. ಮುಚ್ಚಿತ್ತು. ಮಾರನೇ ದಿನ ಜನರ ತಲೆಗಳ ಸಂದಿಯಿಂದ ಮೋನಾಲಿಸಾ ನೋಡಿ, 77 ಸೆಂಟಿಮೀಟರ್ ಎತ್ತರ, 53 ಅಗಲ ಅಂತ ತಿಳಿದಮೇಲೆ, "ಇಷ್ಟೇನಾ? ನಮ್ಮನೆ ವೆಂಕಟರಮಣನ ಫೋಟೋನೇ ಇದಕ್ಕಿಂತ ದೊಡ್ಡದು" ಅಂತ ಗಟ್ಟಿಯಾಗಿ ಅಂದ್ರಿ. ಪಕ್ಕದಲ್ಲಿದ್ದವರು ಜಯನಗರದವರಂತೆ. ಪೂರ್ತಿ ಅರ್ಥವಾಯ್ತಂತೆ.

ರೋಮಿನಲ್ಲಿ ನೀರಿನ ಬಾಟ್ಲಿ ಬೆಲೆಯನ್ನ ತಟ್ಟೆ ಇಡ್ಲಿಗೆ ಕನ್ವರ್ಟ್ ಮಾಡ್ತಾ ನಿಂತಾಗ, ಅವಳು ಬೀದಿ ನಲ್ಲಿಗೆ ಬಾಯಿ ಒಡ್ಡಿ ಕುಡೀತಿದ್ಳು. ಊರು ತುಂಬ ಅಂಥವು ಸುಮಾರು 2,500 ಇವೆ, 1874ರಿಂದ ಪುಕ್ಕಟೆ ಸುರೀತಿವೆ. ಕೊಲೋಸಿಯಂ ಮುಂದೆ "ನೋಡೇ, 80ನೇ ಇಸವೀದು, ನಮ್ಮಲ್ಲೇನಿದೆ?" ಅಂದ್ರಲ್ಲ, ಆಗ ಅವಳು ಕೇಳಿದ್ಳು: "ಅಮ್ಮಾ, ಕಿತ್ತಯ್ಯ ಯಾರು ಗೊತ್ತಾ?" ನಿಮ್ಮ ಉತ್ತರ, "ಯಾರೇ ಅದು, ನಿನ್ನ ಕ್ಲಾಸಿನ ಹುಡುಗನಾ?"

ಅಯ್ಯೋ ರಾಮಾ! 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ವೀರಗಲ್ಲು ಸಿಕ್ತಲ್ಲ, ಅದರಲ್ಲಿರೋ ವೀರ. ಗಂಗರ ಶ್ರೀಪುರುಷನ ಕಾಲ, 750ರ ಆಸುಪಾಸಿನ ಕನ್ನಡ ಶಾಸನ. ಕೆಂಪೇಗೌಡರಿಗೂ ಎಂಟು ನೂರು ವರ್ಷ ಹಿಂದಿನದು. ನಿಮ್ಮ ಮನೆಯಿಂದ ಒಂದು ಬಸ್ಸು.

ವಾಪಸ್ ಬಂದ ರಾತ್ರಿ, ಏರ್‌ಪೋರ್ಟ್ ಟ್ಯಾಕ್ಸಿ ವಾಯುನೆಲೆ ದಾಟೋವಾಗ, "ಶನಿವಾರ ಒಬ್ಬಳೇ ಹೋಗಿ ಆ ಕಲ್ಲು ನೋಡ್ಕೊಂಡು ಬರ್ಲಾ?" ಅಂತ ಕೇಳಿದ್ಳು ತಾನೆ? ನೀವು "ಒಬ್ಬಳೇನಾ? ಹೆಬ್ಬಾಳಕ್ಕಾ? ಆ ಟ್ರಾಫಿಕ್ಕಲ್ಲಾ? ಬೇಡಮ್ಮ, ದೊಡ್ಡವಳಾದಮೇಲೆ" ಅಂದ್ರಿ.

ಸರಿ. ಮೊನ್ನೆ ಶನಿವಾರ ಟ್ಯೂಷನ್ ಎರಡು ಗಂಟೆ ಲೇಟಾಯ್ತು ಅಂದಳಲ್ಲ? ನನ್ನ ಫೋನಿಗೆ ಒಂದು ಫೋಟೋ ಬಂದಿದೆ. ಕಿತ್ತಯ್ಯನ ಪಕ್ಕ ನಿಂತಿದ್ದಾಳೆ, ಬ್ಯಾಗು ಮುಂದಕ್ಕೆ ಹಾಕ್ಕೊಂಡು. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ, ಆಯ್ತಾ?