ಸಿಸಿಟಿವಿಯೂ ದೊಡ್ಡಮ್ಮನ ನೈಟಿಯೂ

ದೆವ್ವಗಳಿಗೆ ಬೆಳಕು ಆಗದು ಎಂದು ಕೇಳಿಕೊಂಡೇ ದೊಡ್ಡವರಾದವರು ನಾವು. ಈಗಿನ ದೆವ್ವಗಳಿಗೆ ಕ್ಯಾಮೆರಾ ಇಲ್ಲದೆ ಆಗದು. ಹುಣಸೆಮರ, ಹಾಳುಬಾವಿ, ಸ್ಮಶಾನದ ತಿರುವು ಎಲ್ಲವನ್ನೂ ಬಿಟ್ಟು ಮೊಬೈಲು, ಲ್ಯಾಪ್‌ಟಾಪು, ಸಿಸಿಟಿವಿಗಳಲ್ಲಿ ಬಿಡಾರ ಹೂಡಿವೆ. ಇಂಥ ದೆವ್ವಗಳ ಸಿನಿಮಾಗಳಿಗೆ ‘ಫೌಂಡ್ ಫೂಟೇಜ್’ ಎಂದು ಹೆಸರು. ಕಥೆ ಎಲ್ಲದರಲ್ಲೂ ಒಂದೇ: ಕ್ಯಾಮೆರಾ ಸಿಕ್ಕಿತು, ಹಿಡಿದವರು ಸಿಗಲಿಲ್ಲ.

1999ರಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಈ ಜಾತಿಯ ಸಿನಿಮಾಗಳಿಗೆ ಹಿರಿಯಕ್ಕ. ಅಮೆರಿಕದ ಮೇರಿಲ್ಯಾಂಡಿನ ಕಾಡಿಗೆ ಮೂವರು ನಟರನ್ನು ಕಳಿಸಿ, ಕ್ಯಾಮೆರಾ ಅವರ ಕೈಗೇ ಕೊಟ್ಟು, ಬಿಡುಗಡೆಗೆ ಮೊದಲು ‘ಕಾಣೆಯಾಗಿದ್ದಾರೆ’ ಎಂಬ ಪೋಸ್ಟರು ಅಂಟಿಸಿದರು. ಇಡೀ ಸಿನಿಮಾದಲ್ಲಿ ಮಾಟಗಾತಿ ಒಮ್ಮೆಯೂ ಮುಖ ತೋರಿಸುವುದಿಲ್ಲ. ಅವಳ ಸಂಭಾವನೆಯಷ್ಟು ದುಡ್ಡು ನಿರ್ಮಾಪಕರಿಗೆ ಉಳಿಯಿತು. ಆಮೇಲೆ ಒರೆನ್ ಪೆಲಿ ಎಂಬವರು ಸ್ಯಾನ್ ಡಿಯಾಗೋದ ತಮ್ಮ ಮನೆಯೊಳಗೇ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ತೆಗೆದರು. ಖರ್ಚು ಸುಮಾರು 15 ಸಾವಿರ ಡಾಲರ್. ನಮ್ಮ ಕಡೆ ಒಂದು ಮದುವೆಯೂ ಆ ದುಡ್ಡಿನಲ್ಲಿ ಮುಗಿಯುವುದಿಲ್ಲ.

ಕನ್ನಡದವರೂ ಹಿಂದೆ ಬೀಳಲಿಲ್ಲ. 2013ರಲ್ಲಿ ಕೆ.ಎಸ್. ಅಶೋಕ ಅವರ ‘6-5=2’ ಬಂತು. ಚಾರಣಕ್ಕೆ ಹೋದ ಆರು ಮಂದಿ ಸ್ನೇಹಿತರು, ಕಾಡು, ಅಲುಗಾಡುವ ಕ್ಯಾಮೆರಾ. ಎಲ್ಲವೂ ನಡೆದದ್ದೇ ಎಂಬ ಧಾಟಿ. ಶಾಲೆಯಲ್ಲಿ ಸೊನ್ನೆ ತರುವ ಲೆಕ್ಕ ಥಿಯೇಟರಿನಲ್ಲಿ ಪಾಸಾಯಿತು. ಮರುವರ್ಷ ಹಿಂದಿಯವರೂ ಅದೇ ಲೆಕ್ಕವನ್ನು ನಕಲು ಮಾಡಿಕೊಂಡರು. ಲಾಕ್‌ಡೌನ್ ಬಂದಾಗ, 2020ರಲ್ಲಿ, ಇಂಗ್ಲೆಂಡಿನ ರಾಬ್ ಸ್ಯಾವೇಜ್ ‘ಹೋಸ್ಟ್’ ಎಂಬ ಸಿನಿಮಾದಲ್ಲಿ ದೆವ್ವವನ್ನು ಝೂಮ್ ಮೀಟಿಂಗಿಗೇ ಕರೆಸಿದರು. ನಿರ್ದೇಶಕರು ನಟರ ಮನೆಗೆ ಕಾಲಿಡುವಂತಿಲ್ಲ. ಲೈಟು, ಕ್ಯಾಮೆರಾ ಎಲ್ಲ ನಟರದ್ದೇ ಉಸ್ತುವಾರಿ. ಪುಕ್ಕಟೆ ಮೀಟಿಂಗಿನ ಅವಧಿ ಮುಗಿಯುವುದರೊಳಗೆ ದೆವ್ವ ತನ್ನ ಕೆಲಸ ಪೂರೈಸಬೇಕು. ಅಷ್ಟು ಸಮಯಪಾಲನೆ ನಮ್ಮ ಸಭೆ ಸಮಾರಂಭಗಳಲ್ಲಿ ಭಾಷಣಕಾರರಿಗೂ ಇಲ್ಲ.

ಇವರಿಗೆಲ್ಲ ಅಜ್ಜನೆಂದರೆ ಇಟಲಿಯ ರುಜ್ಜೆರೋ ದೆಯೋದಾತೊ. 1980ರ ಅವರ ‘ಕ್ಯಾನಿಬಲ್ ಹೊಲೊಕಾಸ್ಟ್’ ಎಷ್ಟು ನಿಜವಾಗಿ ಕಂಡಿತೆಂದರೆ ನಟರನ್ನು ಕೊಂದೇಬಿಟ್ಟರೆಂಬ ಆರೋಪ ಬಂತು. ನಟರು ಒಂದು ವರ್ಷ ಎಲ್ಲೂ ಮುಖ ತೋರಿಸಬಾರದೆಂದು ಒಪ್ಪಂದ ಬೇರೆ ಆಗಿತ್ತು. ಕೊನೆಗೆ ಅವರು ಬದುಕಿದ್ದಾರೆಂದು ನಿರ್ದೇಶಕರೇ ಸಾಬೀತು ಮಾಡಬೇಕಾಯಿತು. ನಮ್ಮೂರು ನಂದಿಕೂರಿನಲ್ಲಿ ಅಂಥ ಒಪ್ಪಂದ ಒಂದು ವಾರವೂ ನಡೆಯದು. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರೆ ಸಾಕು, ಕಂಡಕ್ಟರನೇ “ಎಂತ, ಕಾಣೆಯಾದವರು ಬೆಳ್ಮಣ್ಣಿಗಾ?” ಎಂದು ಟಿಕೇಟು ಹರಿಯುತ್ತಾನೆ.

ಈ ಸಿನಿಮಾಗಳನ್ನು ನೋಡಿದವರು ತಪ್ಪದೆ ಕೇಳುವ ಪ್ರಶ್ನೆ ಒಂದುಂಟು: ಜೀವ ಹೋಗುವ ಹೊತ್ತಿನಲ್ಲೂ ಇವರು ಕ್ಯಾಮೆರಾ ಯಾಕೆ ಬಿಸಾಡುವುದಿಲ್ಲ? ಕೇಳುವವರು ಅಡ್ವೆ ನಂದಿಕೂರಿನ ಕೋಟಿ ಚೆನ್ನಯ ಜೋಡುಕರೆ ಕಂಬಳಕ್ಕೆ ಬಂದು, ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ನಿಲ್ಲಲಿ. ಕರೆಯುದ್ದಕ್ಕೂ ಓಡಿ ಬಂದ ಕೋಣಗಳು ನಿಲ್ಲದೆ ಜನರ ಮೇಲೇ ನುಗ್ಗಿದರೂ ಕೈಯೆತ್ತಿದ ಮೊಬೈಲು ಕೆಳಗಿಳಿಯುವುದಿಲ್ಲ. ಕಾಲು ಹಿಂದಕ್ಕೆ ಓಡುತ್ತಿರುತ್ತದೆ, ಕೈ ಮುಂದಕ್ಕೇ ಚಾಚಿರುತ್ತದೆ.

ಹೀಗಿರುವ ಊರಿಗೆ ಸಿಸಿಟಿವಿ ಬಂತು. ಮಕ್ಕಳು ದುಬೈ, ಮುಂಬೈ, ಬೆಂಗಳೂರಿನಲ್ಲಿ, ಮನೆಯಲ್ಲಿ ಅಮ್ಮನೊಬ್ಬಳೇ, ಅವಳನ್ನು ನೋಡಿಕೊಳ್ಳಲು ಚಾವಡಿಗೊಂದು, ಅಂಗಳಕ್ಕೊಂದು ಕ್ಯಾಮೆರಾ. ನಮ್ಮ ದೊಡ್ಡಮ್ಮನ ಮನೆಗೂ ದುಬೈಯ ಅಣ್ಣ ಹಾಕಿಸಿದ. ಅಂಗಳದಲ್ಲಿ ಏನೇ ಅಲುಗಾಡಿದರೂ ಅವನ ಮೊಬೈಲು ಕಿಣಿಕಿಣಿ ಎನ್ನುತ್ತದೆ. ಕ್ಯಾಮೆರಾದ ಕಣ್ಣು ರಾತ್ರಿ ನೋಡುವುದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ. ಗಾಜಿನ ಮುಂದೆ ಜೇಡ ನೂಲು ಬಿಟ್ಟರೆ ಆ ಬೆಳಕಿಗೆ ಅದು ಬಿಳಿ ಹಗ್ಗವಾಗಿ ತೂಗಾಡುತ್ತದೆ. ಪತಂಗ ಹಾರಿದರೆ ಬೆಳಕಿನ ಗೋಳ. ಪುನುಗು ಬೆಕ್ಕು ತಿರುಗಿ ನೋಡಿದರೆ ಎರಡು ಕೆಂಡ. ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಕ್ಕೆ ಹೊಡೆಯುವ ಪದರ ಇರುವುದೇ ಕಾರಣ. ಎಲ್ಲಕ್ಕಿಂತ ದೊಡ್ಡ ಕಣ್ಕಟ್ಟು ಬಟ್ಟೆಯದ್ದು. ಹಗಲಿನಲ್ಲಿ ಕಪ್ಪಾಗಿ ಕಾಣುವ ಎಷ್ಟೋ ಬಣ್ಣಗಳು ಇನ್‌ಫ್ರಾರೆಡ್ ಬೆಳಕನ್ನು ಹೀರುವುದಿಲ್ಲ. ಕಪ್ಪು ಸಿಂಥೆಟಿಕ್ ಬಟ್ಟೆ ರಾತ್ರಿಯ ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುವುದುಂಟು.

ದೊಡ್ಡಮ್ಮನ ನೈಟಿ ಕಪ್ಪು.

ಮೇ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಅಣ್ಣನ ಫೋನು. ಅವನಲ್ಲಿ ಆಗ ಹನ್ನೆರಡೂವರೆ. “ಮಾರಾಯ, ಅಂಗಳದಲ್ಲಿ ಬಿಳಿ ಬಟ್ಟೆಯ ಹೆಂಗಸು. ಕೂದಲು ಬಿಚ್ಚಿದೆ. ಹಿಂದಿನಿಂದ ಏನನ್ನೋ ದರದರ ಎಳೆದುಕೊಂಡು ಹೋಗ್ತಾ ಉಂಟು. ಅಮ್ಮ ಫೋನು ತೆಗೀತಿಲ್ಲ. ಒಮ್ಮೆ ತಿರುಗಿ ಕ್ಯಾಮೆರಾವನ್ನೇ ನೋಡಿತು, ಅಷ್ಟರಲ್ಲಿ ಎಲ್ಲ ಕಪ್ಪಾಯಿತು!” ಫೌಂಡ್ ಫೂಟೇಜಿನ ನಿಯಮದಂತೆ ಚಿತ್ರ ಮುಗಿಯಬೇಕಾದಲ್ಲೇ ಮುಗಿದಿತ್ತು. ಕಾರಣ ಸರಳ. ಗುಡುಗು ಗಾಳಿಗೆ ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋಗಿತ್ತು. ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರ ಇದ್ದರೇನು, ಹಲಸಿನ ಕೊಂಬೆಗೆ ಅದರ ಹಂಗಿಲ್ಲ.

ಟಾರ್ಚು ಹಿಡಿದು ಹೋದೆ. ಒಣಹಾಕಿದ ಕೊಬ್ಬರಿ ನೆನೆಯುತ್ತದೆಂದು ದೊಡ್ಡಮ್ಮ ಟರ್ಪಾಲು ಎಳೆದು ಹೊದೆಸುತ್ತಿದ್ದಳು. ಮಗ ಹೆದರಿದ ಕಥೆ ಹೇಳಿದೆ. “ಸತ್ತವರ ಕುಲೆಗಳಿಗೆ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸಿ ಆಗಿದೆ. ಅವು ಮೇ ತಿಂಗಳಲ್ಲಿ ಇಲ್ಲಿಗೆ ಎಂತಕ್ಕೆ ಬರ್ತವೆ? ಬಂದವ ಬಂದಿದ್ದೀಯಲ್ಲ, ಆ ತುದಿ ಹಿಡಿ” ಎಂದಳು.

ಅಣ್ಣ ಸುಮ್ಮನಿರಲಿಲ್ಲ. ಆ ತುಣುಕನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಅದು ಅಲ್ಲಿಂದ ಹೊರಟು ಶಿರ್ವದಲ್ಲಿ ಕಂಡ ಮೋಹಿನಿಯಾಯಿತು, ಕಾರ್ಕಳದಲ್ಲಿ ಹೆಣ ಎಳೆಯುವ ಹೆಂಗಸಾಯಿತು. ಇಂಥ ವಿಡಿಯೋಗಳಿಗೆ ಕಾಲಿಲ್ಲದಿದ್ದರೂ ಊರು ಬದಲಿಸುವುದು ಗೊತ್ತು. ಒಮ್ಮೆ ನಮ್ಮದೇ ರಸ್ತೆಯ ದೆವ್ವ ಎಂದು ಬಂದದ್ದರಲ್ಲಿ ವಾಹನಗಳೆಲ್ಲ ಬಲಬದಿಯಲ್ಲಿ ಹೋಗುತ್ತಿದ್ದವು. ಇದು ಹೊರದೇಶದ್ದೆಂದು ನಾನು ವಾದಿಸಿದೆ. ನಮ್ಮ ಹೆದ್ದಾರಿಯಲ್ಲಿ ಓಡಾಡುವವರು ಯಾರೂ ಅದನ್ನು ಸಾಕ್ಷಿಯೆಂದು ಒಪ್ಪಲಿಲ್ಲ. ಕೊನೆಗೆ ದೊಡ್ಡಮ್ಮನ ವಿಡಿಯೋ ದೊಡ್ಡಮ್ಮನಿಗೇ ಬಂತು. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. “ಪಾಪ, ಯಾರ ಮನೆಯವಳೋ. ಈ ಪ್ರಾಯದಲ್ಲಿ ನಡುರಾತ್ರಿ ಒಬ್ಬಳೇ ಕೆಲಸ ಮಾಡಬೇಕಲ್ಲ” ಎಂದಳು. ಹಂಚಿದವರೆಲ್ಲ ದೆವ್ವ ಕಂಡರು. ಕೆಲಸ ಮಾಡುವ ಮುದುಕಿಯನ್ನು ಕಂಡವಳು ಅವಳೊಬ್ಬಳೇ.

ತುಳುನಾಡಿನ ಸತ್ತವರಿಗೆ ಹೆಸರು, ಮನೆ, ಕುಟುಂಬ ಎಲ್ಲ ಉಂಟು. ಮದುವೆಯಾಗದೆ ತೀರಿಹೋದವರಿಗೆ ಜೋಡಿ ಹುಡುಕಿ ಪ್ರೇತ ಮದುವೆ ಮಾಡುತ್ತೇವೆ. 2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು, ಸುಮಾರು ಮೂವತ್ತು ವರ್ಷಗಳ ಹಿಂದೆ ತೀರಿಹೋದ ಹೆಣ್ಣುಮಗುವಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟಿತ್ತು. ಇಷ್ಟು ಹತ್ತಿರದ ನೆಂಟರಿಗೆ ಹೆದರುವುದು ಹೇಗೆ? ಭಯ ಹುಟ್ಟುವುದು ವಿಳಾಸವಿಲ್ಲದ್ದರಿಂದ. ಕ್ಯಾಮೆರಾ ಮಾಡುವುದು ಅದನ್ನೇ, ಹೆತ್ತ ಅಮ್ಮನ ವಿಳಾಸವನ್ನೂ ಅಳಿಸಿ ಅವಳನ್ನು ಬಿಳಿ ಬಟ್ಟೆಯ ಹೆಂಗಸಾಗಿಸುತ್ತದೆ.

ಆದ್ದರಿಂದ ದೂರದೂರಿನಲ್ಲಿ ಕೂತು ಊರಿನ ಅಂಗಳ ಕಾಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ರಾತ್ರಿ ಮೊಬೈಲು ಕಿಣಿಗುಟ್ಟಿದರೆ ಮೊದಲು ಕ್ಯಾಮೆರಾದ ಗಾಜು ಒರೆಸಲು ಹೇಳಿ. ಜೇಡ ಹೋದರೆ ಅರ್ಧ ದೆವ್ವ ಹೋಯಿತು. ಉಳಿದರ್ಧಕ್ಕೆ ಮಂತ್ರವಾದಿ ಬೇಡ. ಮಳೆ ಶುರುವಾಗುವ ಮೊದಲು ಒಮ್ಮೆ ಊರಿಗೆ ಬಂದು ಟರ್ಪಾಲಿನ ಇನ್ನೊಂದು ತುದಿ ಹಿಡಿಯಿರಿ.