ಒಂಟಿ ಗಿಡ ಕಾಳು ಕಟ್ಟಲ್ಲ, ಮೇಷ್ಟ್ರೆ

ಬೇಲಿ ಅಂದರೆ ದೊಡ್ಡದೇನಲ್ಲ. ಆಚೆ ದೊಡ್ಡವ್ವನ ರಾಗಿ ಹೊಲ, ಈಚೆ ನಮ್ಮ ಹಿತ್ತಿಲು, ನಡುವೆ ಎದೆಮಟ್ಟದ ಕಳ್ಳಿ ಸಾಲು. ಕಳ್ಳಿ ಸತ್ತ ಕಡೆಯಲ್ಲೆಲ್ಲ ಲಂಟಾನ ತಾನಾಗಿ ಬಂದು ತುಂಬಿಕೊಂಡಿದೆ. ಬೆಳಗಿನ ಏಳು ಗಂಟೆಗೆ ಬಿಳಿಗಿರಿರಂಗನ ಬೆಟ್ಟದ ನೆತ್ತಿಯಲ್ಲಿ ಮೋಡ ಕೂತೇ ಇರುತ್ತದೆ. ಆ ಹೊತ್ತಿಗೆ ದೊಡ್ಡವ್ವ ಹೊಲದ ಅಂಚಿಗೆ ಬರುತ್ತಾಳೆ, ನಾನು ನೀರಿನ ತಂಬಿಗೆ ಹಿಡಿದು ಹಿತ್ತಿಲಿಗೆ ಬರುತ್ತೇನೆ. ನಮ್ಮ ಮಾತು ಶುರುವಾಗುವುದು ಹೀಗೆಯೇ.

ಹೋದ ವರ್ಷ ಕಾರ್ತಿಕದಲ್ಲಿ ಆಕೆ ನನ್ನ ಜಗಲಿಯ ಕುಂಡ ನೋಡಿ ನಿಂತುಬಿಟ್ಟಳು. "ಅದೇನ್ ಮೇಷ್ಟ್ರೆ, ಕುಂಡದೊಳ್ಗೆ ಉಚ್ಚೆಳ್ಳು ಆಕಿದ್ದೀರಿ?"

ಹೌದು, ಹಾಕಿದ್ದೆ. ಆ ಹಳದಿ ನನಗೆ ಚಿಕ್ಕಂದಿನಿಂದ ಪ್ರೀತಿ. ಹನೂರಿನ ಕಡೆ ನಮ್ಮ ಅಜ್ಜಿಯ ಊರಿಗೆ ದೀಪಾವಳಿಗೆ ಹೋದರೆ, ರಾಗಿ ಹೊಲದ ಸುತ್ತ ಅರಿಸಿನ ಎರಚಿದ ಹಾಗೆ ಹುಚ್ಚೆಳ್ಳು ಅರಳಿರುತ್ತಿತ್ತು. ಅದರ ನೆನಪಿಗೆಂದು ಒಂದೇ ಒಂದು ಗಿಡ ಬೆಳೆಸಿದ್ದೆ. ಗೊಬ್ಬರ, ನೀರು, ಬಿಸಿಲು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅದು ನನ್ನ ಭುಜದೆತ್ತರ ಬೆಳೆದು, ಒಂದು ತಿಂಗಳು ಬಿಡದೆ ಹೂ ಬಿಟ್ಟಿತು. ತೆನೆ ಒಣಗಿದ ಮೇಲೆ ಅಂಗೈಯಲ್ಲಿ ತಿಕ್ಕಿ ಊದಿದೆ. ಎಲ್ಲ ಹಾರಿಹೋಯಿತು. ಕರಿ ಕಾಳು ಬೆರಳೆಣಿಕೆಯಷ್ಟೂ ಇರಲಿಲ್ಲ, ಬರೀ ಜೊಳ್ಳು.

ದೊಡ್ಡವ್ವ ಬೇಲಿ ಮೇಲಿಂದ ಕೈ ಚಾಚಿ ಆ ಜೊಳ್ಳನ್ನು ಇಸಕೊಂಡು ನೋಡಿದಳು. "ಒಂಟಿ ಗಿಡ ಕಾಳು ಕಟ್ಟಲ್ಲ ಕನಿ ಮೇಷ್ಟ್ರೆ. ಅದ್ಕೆ ಜೊತೆ ಬೇಕು, ಜೇನೂ ಬೇಕು."

ಸಸ್ಯಶಾಸ್ತ್ರ ಹೇಳುವುದೂ ಇದನ್ನೇ. ಹುಚ್ಚೆಳ್ಳಿನ ಗಿಡ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಪಕ್ಕದ ಗಿಡದ ಪರಾಗ ಬಂದು ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ, ಅದನ್ನು ಹೊತ್ತು ತರುವ ಕೆಲಸದ ಬಹುಪಾಲು ಜೇನುನೊಣದ್ದು. ರಾಗಿಗೆ ಈ ತಾಪತ್ರಯವಿಲ್ಲ, ಅದು ತನ್ನಷ್ಟಕ್ಕೆ ತಾನು ತೆನೆ ತುಂಬಿಕೊಳ್ಳುತ್ತದೆ. ಹುಚ್ಚೆಳ್ಳಿಗೆ ಮಾತ್ರ ನೆರೆಹೊರೆ ಬೇಕೇ ಬೇಕು.

ಆ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ಸೂರ್ಯಕಾಂತಿಯ ಬಳಗದ್ದು ಅದು, ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ. ಸುತ್ತ ಸಾಮಾನ್ಯವಾಗಿ ಎಂಟು ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಸಣ್ಣ ಹಲ್ಲು. ನಡುವಿನ ಗುಂಡಗಿನ ಹಳದಿ ಒಂದು ಹೂವಲ್ಲ, ಹತ್ತಾರು ಪುಟ್ಟ ಹೂಗಳ ಗುಂಪು, ಅಂಚಿನಿಂದ ಒಳಕ್ಕೆ ದಿನಕ್ಕಿಷ್ಟು ಅಂತ ಅರಳುತ್ತಾ ಹೋಗುತ್ತವೆ. ಕೆಳಗೆ ಐದು ಅಗಲವಾದ ಹಸಿರು ಎಲೆ ಬಟ್ಟಲಿನ ಹಾಗೆ ಹಿಡಿದುಕೊಂಡಿರುತ್ತವೆ. ಗಿಡದ ಎಲೆ ಮುಟ್ಟಿದರೆ ಸಣ್ಣ ರೋಮ ಕೈಗೆ ಒರಟಾಗಿ ತಾಗುತ್ತದೆ. ದನ ಇದಕ್ಕೆ ಬಾಯಿ ಹಾಕುವುದಿಲ್ಲ. ರಾಗಿ ಹೊಲದ ಸುತ್ತ ಅಂಚಿಗೆ ಹುಚ್ಚೆಳ್ಳು ಹಾಕುವ ರೂಢಿಯೂ ಹಾಗೇ ಬಂದದ್ದು. ದಾರಿಯಲ್ಲಿ ಹೋಗುವ ದನ ಮೂಸಿ ನೋಡಿ ಮುಂದೆ ಹೋಗುತ್ತದೆ, ಒಳಗಿನ ರಾಗಿ ಉಳಿಯುತ್ತದೆ.

ಎಳ್ಳು ಅನ್ನುವ ಹೆಸರಿದ್ದರೂ ಎಳ್ಳಿಗೂ ಇದಕ್ಕೂ ನಂಟಿಲ್ಲ. ಉತ್ತರ ಕರ್ನಾಟಕದವರು ಗುರೆಳ್ಳು ಅನ್ನುತ್ತಾರೆ. ತೆಲುಗಿನಲ್ಲಿ ವೆರ್ರಿ ನುವ್ವುಲು, ಅಲ್ಲೂ ಹುಚ್ಚು ಎಳ್ಳೇ. ತಮಿಳರು ಪೇಯ್ ಎಳ್ಳು, ದೆವ್ವದ ಎಳ್ಳು ಅಂದರು. ಮೂರು ಭಾಷೆಯವರೂ ಸೇರಿ ಹೀಗೆ ಹೆಸರಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಇಷ್ಟು ಸಮಾಧಾನದ ಗಿಡವನ್ನು ನಾನು ಬೇರೆ ಕಂಡಿಲ್ಲ. ಬಡ ಮಣ್ಣಾದರೂ ಆದೀತು, ಮಳೆ ಹೆಚ್ಚಾಗಿ ಬುಡದಲ್ಲಿ ನಾಲ್ಕು ದಿನ ನೀರು ನಿಂತರೂ ತಡೆದೀತು.

ಅದರ ತವರು ಇಥಿಯೋಪಿಯಾದ ಎತ್ತರದ ನಾಡು. ಸಸ್ಯಶಾಸ್ತ್ರದ ಹೆಸರಿನಲ್ಲೇ ಅಬಿಸಿನಿಕ ಅಂತಿದೆ, ಅಬಿಸಿನಿಯ ಅಂದರೆ ಇಥಿಯೋಪಿಯಾದ ಹಳೆಯ ಹೆಸರು. ಅಲ್ಲಿನ ಅಂಹಾರಿಕ್ ಭಾಷೆಯಲ್ಲಿ ನೂಗ್ ಅನ್ನುತ್ತಾರೆ. ಬೆಳೆಗಳ ತವರು ಹುಡುಕಿಕೊಂಡು ಜಗತ್ತು ಸುತ್ತಿದ ರಷ್ಯದ ನಿಕೊಲಾಯ್ ವವಿಲೋವ್ 1927ರಲ್ಲಿ ಆ ಬೆಟ್ಟಗಳನ್ನು ಹತ್ತಿ ಇಳಿದಿದ್ದರು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ದಿನಗಳು ಬಹಳ, ಆಗ ಮಾಂಸ, ಬೆಣ್ಣೆ ಮುಟ್ಟುವಂತಿಲ್ಲ. ಒಗ್ಗರಣೆಗೆ ನೂಗ್‌ನಂಥ ಕಾಳಿನ ಎಣ್ಣೆಯೇ ಗತಿ.

ಇದನ್ನು ದೊಡ್ಡವ್ವನಿಗೆ ಹೇಳಿದೆ. ನಮ್ಮ ಮುದ್ದೆಯ ರಾಗಿಯೂ ಪೂರ್ವ ಆಫ್ರಿಕದ ಅದೇ ಎತ್ತರದ ಸೀಮೆಯಿಂದ ಬಂದದ್ದು ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂಗಾರೆ ಎಲ್ಡೂ ಒಂದೇ ಊರಿಂದ ಬಂದು, ಇಲ್ಲೂ ಒಂದೇ ವೊಲ್ದಲ್ಲಿ ನಿಂತವೆ ಅನ್ನಿ" ಅಂದಳು. ಈ ಸಂಗತಿಯನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಕಡಲಾಚೆಯಿಂದ ಬಂದವೆಲ್ಲ ಹೀಗೆ ಹೊಂದಿಕೊಂಡು ಬಾಳಿದವು ಅಂತಲ್ಲ. ನಮ್ಮ ಬೇಲಿಯ ಲಂಟಾನ ಅಮೆರಿಕ ಖಂಡದ್ದು, ಬ್ರಿಟಿಷರು ಅಲಂಕಾರಕ್ಕೆಂದು ತಂದದ್ದು. ಈಗ ಬೆಟ್ಟದ ಕಾಡಿನೊಳಗೆ ಆಳೆತ್ತರ ಎದ್ದು, ಹುಲ್ಲಿಗೆ ಜಾಗವಿಲ್ಲದಂತೆ ಮಾಡಿದೆ. 1974ರಲ್ಲಿ ಕಾಡು ಅಭಯಾರಣ್ಯವಾಗಿ, ಕಾಡಿನಲ್ಲೇ ಬಾಳುವ ಸೋಲಿಗರು ವರ್ಷವರ್ಷ ಹಾಕುತ್ತಿದ್ದ ತರಗಿನ ಬೆಂಕಿ ನಿಂತ ಮೇಲೆ ಲಂಟಾನ ಕೈಮೀರಿತು ಅನ್ನುವುದು ಅವರ ಪೋಡುಗಳ, ಅಂದರೆ ಹಾಡಿಗಳ, ಹಿರಿಯರ ಮಾತು. ಆ ಮಾತಿಗೆ ಬೆಲೆ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ, ಕಾಡನ್ನು ಕಾಲಲ್ಲಿ ಓದಿದವರು ಅವರು. ಹುಚ್ಚೆಳ್ಳು ಮಾತ್ರ ಬಿತ್ತಿದ ಸಾಲು ಬಿಟ್ಟು ಕಾಡಿಗೆ ನುಗ್ಗಿದ್ದನ್ನು ನಾನು ಕಾಣೆ.

ಈ ಬೆಟ್ಟದ ದೇವರು ರಂಗಪ್ಪ ಸೋಲಿಗರಿಗೆ ಭಾವ, ಅವರ ಹೆಣ್ಣು ಕುಸುಮಾಲೆಯ ಕೈಹಿಡಿದವನು. ಪೂರ್ವಕ್ಕೆ ಕೊಳ್ಳೇಗಾಲ, ಹನೂರು ದಾಟಿದರೆ ಏಳುಮಲೆಯ ಮಾದಪ್ಪ. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಪರುಸೆ ಹೋಗುವ ಕಾಲವೂ ಹುಚ್ಚೆಳ್ಳು ಅರಳುವ ಕಾಲವೂ ಒಂದೇ. 'ಸೋಜುಗದ ಸೂಜುಮಲ್ಲಿಗೆ' ಪದ ಈಗ ಎಲ್ಲರ ಫೋನಿನಲ್ಲೂ ಇದೆ. ಅದರಲ್ಲಿ ಮಾದಪ್ಪನ ಪರುಸೆ ಹೆಚ್ಚುವುದನ್ನು ಇದೇ ಹೂವಿಗೆ ಹೋಲಿಸಿದ್ದಾರೆ. ಕೇಳಿ ತಲೆದೂಗುವ ಪಟ್ಟಣದ ಮಕ್ಕಳಿಗೆ ಮಲ್ಲಿಗೆ ಗೊತ್ತು, ತಾವರೆ ಗೊತ್ತು. ಹುಚ್ಚೆಳ್ಳು ಹೂ ನೋಡಿದವರು ಎಷ್ಟು ಜನ? ಹೊಲದ ನಾಲ್ಕೂ ಅಂಚಿನಲ್ಲಿ ಅದು ದಿನದಿಂದ ದಿನಕ್ಕೆ ತುಂಬಿಕೊಳ್ಳುವುದನ್ನು ಕಂಡವರಿಗೆ ಆ ಹೋಲಿಕೆ ಮೈ ಜುಮ್ಮೆನ್ನಿಸುತ್ತದೆ.

ಈ ವರ್ಷ ನಾನು ದೊಡ್ಡವ್ವನ ಮಾತಿನಂತೆ ನಡೆದೆ. ಆಗಸ್ಟ್ ಕೊನೆಗೆ ಹದ ಮಳೆ ಬಿದ್ದ ಮೇಲೆ ಬೇಲಿಯುದ್ದಕ್ಕೂ ಒಂದು ಸಾಲು ಕೆದಕಿದೆ. ಕಾಳು ಬಲು ಸಣ್ಣದು, ಸಾವಿರ ಕಾಳು ತೂಗಿದರೆ ನಾಲ್ಕು ಗ್ರಾಂ ಆಸುಪಾಸು. ಬರಿಗೈಯಲ್ಲಿ ಬಿಟ್ಟರೆ ಒಂದೇ ಕಡೆ ಸುರಿಯುತ್ತದೆ, ಅದಕ್ಕೇ ಮರಳು ಬೆರೆಸಿಕೊಂಡು ಬಿಡಬೇಕು. ಮೇಲೆ ಬೆರಳಗಲಕ್ಕಿಂತ ಹೆಚ್ಚು ಮಣ್ಣು ಬೇಡ. ಹೊಲದಲ್ಲಾದರೆ ದೊಡ್ಡವ್ವನ ಯಜಮಾನರು ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಿದ್ದರಂತೆ. ಆ ಸಡ್ಡೆ ಈಗ ಅಟ್ಟದ ಮೇಲಿದೆ. ಮೊಳಕೆ ಬಂದು ಎರಡು ವಾರಕ್ಕೆ ಗೇಣಿಗೆ ಎರಡರಂತೆ ಗಿಡ ಉಳಿಸಿ ಮಿಕ್ಕಿದ್ದು ಕೀಳಬೇಕು. ನನಗೆ ಕೀಳಲು ಮನಸ್ಸು ಬರಲಿಲ್ಲ. ದೊಡ್ಡವ್ವನೇ ಬೇಲಿ ಸಂದಿಯಿಂದ ಬಂದು ಕಿತ್ತಳು. ಗೊಬ್ಬರ ಒಂದು ಬುಟ್ಟಿ ಸಾಕು, ಹೆಚ್ಚಾದರೆ ಸೊಪ್ಪು ಬೆಳೆಯುತ್ತದೆ, ಹೂ ಹಿಂದೆ ಬೀಳುತ್ತದೆ.

ಒಂದು ತೊಂದರೆ ಬಂತು. ಬೀಜ ಸಾಲದೆ ಒಂದು ಹಿಡಿ ಪೇಟೆಯ ಅಂಗಡಿಯಿಂದ ತಂದು ಬೆರೆಸಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಸಾಲಿನ ಒಂದು ತುದಿಯಲ್ಲಿ ಹಳದಿ ದಾರದಂಥದ್ದು ಗಿಡ ಸುತ್ತಿಕೊಂಡಿತ್ತು. ಎಲೆಯೂ ಇಲ್ಲ, ನೆಲದಲ್ಲಿ ಬೇರೂ ಇಲ್ಲ. ಪುಸ್ತಕದಲ್ಲಿ ಕಸ್ಕ್ಯುಟ ಅನ್ನುತ್ತಾರೆ, ಗಿಡದ ಕಾಂಡಕ್ಕೇ ಬಾಯಿಟ್ಟು ರಸ ಹೀರುವ ಬಳ್ಳಿ, ಹುಚ್ಚೆಳ್ಳಿನ ದೊಡ್ಡ ಶತ್ರು. ಅದರ ಬೀಜ ಹುಚ್ಚೆಳ್ಳಿನ ಜೊತೆ ಬೆರೆತೇ ಬರುತ್ತದೆ. ಬಳ್ಳಿಯನ್ನಷ್ಟೇ ಬಿಡಿಸಿದರೆ ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಎಂಟು ಗಿಡ ಸಮೇತ ಕಿತ್ತು ಸುಟ್ಟೆವು. ಬಿತ್ತುವ ಮುಂಚೆ ಸಣ್ಣ ಜರಡಿಯಲ್ಲಿ ಜಾಲಿಸಬೇಕಿತ್ತು, ಮರೆತಿದ್ದೆ.

ಅಮೆರಿಕದವರು ನಮ್ಮ ದೇಶದಿಂದ ಹುಚ್ಚೆಳ್ಳು ತರಿಸಿಕೊಂಡು ಹಿತ್ತಿಲ ಪುಟ್ಟ ಹಕ್ಕಿಗಳಿಗೆ ಹಾಕುತ್ತಾರೆ. ಇಂಥ ಕಳೆಯ ಬೀಜ ಅಲ್ಲಿ ಮೊಳೆಯಬಾರದು ಅಂತ ಕಾಳನ್ನು ಬಿಸಿ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ದೊಡ್ಡವ್ವನಿಗೆ ಇದು ತುಂಬ ಹಿಡಿಸಿತು. "ಅಕ್ಕಿಗೆ ಅಂತ ಸಮುದ್ರ ದಾಟಿಸ್ಕತಾರಲ್ಲ, ಒಳ್ಳೇ ಜನ ಕನಿ" ಅಂದಳು.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಸಾಲು ಅರಳಿತು. ಹಗಲು ಚಿಕ್ಕದಾಗುತ್ತಾ ಬಂದರೇನೇ ಇದು ಮೊಗ್ಗು ಕಟ್ಟುವುದು. ಬೆಟ್ಟದಲ್ಲಿ ಸೋಲಿಗರ ಜೇನುಕುಯ್ಲು ಬೇಸಿಗೆಯಲ್ಲೇ ಮುಗಿದಿರುತ್ತದೆ. ಈ ಕಾಲಕ್ಕೆ ನೊಣಗಳಿಗೆ ಬಯಲಿನ ಇಂಥ ಹೂವು ದೊಡ್ಡ ಆಸರೆ. ಮಂಜು ಕರಗಿ ಬಿಸಿಲು ಬೀಳುತ್ತಿದ್ದ ಹಾಗೆ ತುಡುವೆ ಜೇನು ಬಂದವು. ದೊಡ್ಡವ್ವನ ಅಂಚಿನ ಸಾಲಿನಿಂದ ನನ್ನ ಸಾಲಿಗೆ, ನನ್ನದರಿಂದ ಅವಳದಕ್ಕೆ, ಕಳ್ಳಿ ಬೇಲಿ ಅಲ್ಲಿಲ್ಲವೇ ಇಲ್ಲ ಅನ್ನುವ ಹಾಗೆ. ಒಂದು ನೊಣ ನನ್ನ ತೋಳಿನ ಮೇಲೆ ಕೂತಾಗ ನೋಡಿದೆ, ಹಿಂಗಾಲಿಗೆ ಸಾಸಿವೆ ಗಾತ್ರದ ಅರಿಸಿನದುಂಡೆ ಅಂಟಿಸಿಕೊಂಡಿತ್ತು.

ಸುತ್ತಲಿನ ಹೊಲಗಳಲ್ಲಿ ಈಗ ಈ ಅಂಚು ಕಾಣುವುದು ಅಪರೂಪವಾಗಿದೆ. ನೀರು ಬಂದ ಕಡೆ ಕಬ್ಬು, ಬಾಳೆ, ಅರಿಸಿನ. ನೀರಿಲ್ಲದ ಕಡೆ ಮುಸುಕಿನ ಜೋಳ. ರಾಗಿ ಹೋದ ಕಡೆ ಅಕ್ಕಡಿಯೂ ಹೋಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕೆಬಿಎನ್-1 ಅನ್ನುವ ತಳಿ ಕೊಟ್ಟಿದ್ದಾರೆ, ತಳಿಗೆ ಬರವಿಲ್ಲ. ಬಿತ್ತುವವರ ಮನಸ್ಸು ಬೇಕು. ಮನೆಗೊಂದು ಅಂಚು ಉಳಿಸಿಕೊಂಡರೆ ಸಾಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ವರ್ಷದ ಚಟ್ನಿಪುಡಿಗಾಗುತ್ತದೆ, ಎಣ್ಣೆ ತೆಗೆಸಿದರೆ ಹಿಂಡಿ ಹಸುವಿಗಾಗುತ್ತದೆ. ಕಾಳು ವರ್ಷ ಇಟ್ಟರೂ ಕೆಡುವುದಿಲ್ಲ, ಎಣ್ಣೆ ಮಾತ್ರ ಬೇಗ ಕಮಟು ಹಿಡಿಯುತ್ತದೆ, ಬೇಕಾದಷ್ಟೇ ಗಾಣಕ್ಕೆ ಹಾಕಿಸಬೇಕು. ಕಾಳನ್ನು ಸಣ್ಣ ಉರಿಯಲ್ಲಿ ಹುರಿದು, ಚಟಪಟ ಸದ್ದು ನಿಲ್ಲುವ ಮುಂಚೆ ಇಳಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಹಾಕಿ ಕುಟ್ಟಿದರೆ ಆ ಘಮಕ್ಕೆ ಪಕ್ಕದ ಬೀದಿಯವರೂ ಇಣುಕುತ್ತಾರೆ. ಬದನೆಕಾಯಿ ಎಣ್ಣೆಗಾಯಿಗೆ ಇದರ ಪುಡಿ ಬೀಳದಿದ್ದರೆ ನಮ್ಮ ಮನೆಯಲ್ಲಿ ಅದು ಎಣ್ಣೆಗಾಯಿಯೇ ಅಲ್ಲ.

ಮೊನ್ನೆ ಡಿಸೆಂಬರ್‌ ಮೊದಲ ವಾರ ಕೊಯ್ದೆವು. ತೆನೆ ಪೂರ್ತಿ ಒಣಗುವ ತನಕ ಕಾಯುವಂತಿಲ್ಲ, ಕಾಳು ಉದುರಿಹೋಗುತ್ತದೆ. ಎಲೆ ಒಣಗಿ ತೆನೆ ಕಂದು ತಿರುಗಿದಾಗ ಕೊಯ್ದು, ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿ, ಕೋಲಿನಲ್ಲಿ ಮೆಲ್ಲಗೆ ಬಡಿದೆವು. ದೊಡ್ಡವ್ವ ತನ್ನ ಮೊರ ತಂದು ಕೇರಿದಳು. ಗಾಳಿಗೆ ಹೊಟ್ಟು ಹಾರಿ, ಮೊರದಲ್ಲಿ ಕರ್ರಗೆ ಮಿರಮಿರ ಹೊಳೆಯುವ ಕಾಳು ಉಳಿಯಿತು. ಅಳೆದರೆ ಸೇರಿನ ಮೇಲೆ ಅರೆಪಾವು.

ಅದರಲ್ಲಿ ದಪ್ಪ ಕಾಳು ಆರಿಸಿ ಬೀಜಕ್ಕೆಂದು ಒಂದು ಹಿಡಿ ತೆಗೆದು ಹಳೇ ಸೀರೆಯ ತುಂಡಿನ ಮೇಲೆ ಇಟ್ಟಳು. ನಾನು ಗಂಟು ಹಾಕಲು ಹೋದೆ. "ತಡೀರಿ" ಅಂದು ಮಡಿಲಿನಿಂದ ತನ್ನ ಹೊಲದ ಕಾಳು ಒಂದು ಹಿಡಿ ತೆಗೆದು ಅದರ ಮೇಲೆ ಸುರಿದಳು. ನನ್ನ ಮೊರದಿಂದ ಒಂದು ಹಿಡಿ ತನ್ನ ಮಡಿಲಿಗೆ ಹಾಕಿಕೊಂಡಳು. ಎರಡೂ ಕಡೆಯ ಕಾಳನ್ನು ಬೆರಳಿನಲ್ಲಿ ಕಲಸಿ, ಗಂಟು ಬಿಗಿದು, "ಒಲೆ ಮೇಗ್ಲ ತೊಲೆಗೆ ಕಟ್ಟಿ ಮೇಷ್ಟ್ರೆ, ಹುಳ ಬೀಳಲ್ಲ" ಅಂದು ಬೇಲಿ ಸಂದಿಯಿಂದ ಆಚೆ ಹೋದಳು.