ಇ-ಖಾತಾ ಪ್ರಾಮಾಣ್ಯ ವಿಚಾರ

ಗ್ರಂಥದ ಮೊದಲಿಗೆ ಮಂಗಳಾಚರಣೆ ಮಾಡಬೇಕೇ ಬೇಡವೇ ಎಂಬುದರ ಮೇಲೆ ನಮ್ಮ ನೈಯಾಯಿಕರು ಪುಟಗಟ್ಟಲೆ ಜಗಳವಾಡಿದ್ದಾರೆ. ಮಂಗಳ ಮಾಡಿದರೆ ಹಿಡಿದ ಕೆಲಸ ನಿರ್ವಿಘ್ನವಾಗಿ ಮುಗಿಯುತ್ತದೆ ಎಂದು ಒಬ್ಬ ಹೇಳಿದರೆ, ಬಾಣನ ಕಾದಂಬರಿಗೆ ಮಂಗಳವಿತ್ತಲ್ಲ, ಅದೇಕೆ ಅರ್ಧಕ್ಕೆ ನಿಂತಿತು ಎಂದು ಇನ್ನೊಬ್ಬ ಕೇಳುತ್ತಾನೆ. ನಾಸ್ತಿಕರ ಗ್ರಂಥಗಳಿಗೆ ಮಂಗಳವೇ ಇಲ್ಲ, ಅವು ಮುಗಿದಿವೆಯಲ್ಲ ಎಂದು ಮತ್ತೊಬ್ಬ. ಬೆಂಗಳೂರಿನಲ್ಲಿ ಮನೆ ಕೊಂಡು, ಪಾಲಿಕೆಯ ಜಾಲತಾಣದಲ್ಲಿ ಅರ್ಜಿ ತುಂಬುತ್ತ ಕುಳಿತವನಿಗೆ ಈ ವಾದದ ಆಳ ತಟ್ಟನೆ ಹೊಳೆಯುತ್ತದೆ. ಗಣಪತಿಗೆ ಕೈಮುಗಿದು ಶುರು ಮಾಡಿದ ಅರ್ಜಿ ನಡುವೆ ನಿಲ್ಲುತ್ತದೆ. ಪಕ್ಕದ ಮನೆಯವನದು ಯಾವ ದೇವರನ್ನೂ ನೆನೆಯದೆ ಕಾಫಿ ಆರುವುದರೊಳಗೆ ಮುಗಿದಿರುತ್ತದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಆಧಾರ್‌ಗೆ ಜೋಡಿಸಿದ ಮೊಬೈಲು ಯಾರ ಕೈಯಲ್ಲಿದೆಯೋ ಅವನು. ಶಮ, ದಮ, ತಿತಿಕ್ಷೆ ಮೊದಲಾದವು ಮೊದಲೇ ಇರಬೇಕೆಂದಿಲ್ಲ, ಮುಂದೆ ತಾವಾಗಿ ಬರುತ್ತವೆ. ಉದಾಹರಣೆಗೆ ತರ್ಕಶಾಸ್ತ್ರದ ಹಳೆಯ ಪರಿಚಿತ ದೇವದತ್ತನನ್ನೇ ತೆಗೆದುಕೊಂಡಿದ್ದೇವೆ. ಹಗಲು ಉಣ್ಣದೆ ದಪ್ಪಗಿರುವ ಅದೇ ದೇವದತ್ತ. ಅವನು ಯಜ್ಞದತ್ತನಿಂದ ಕೆಂಗೇರಿಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿರುವ ಮನೆಯೊಂದನ್ನು ಕೊಂಡಿದ್ದಾನೆ. ಉದಾಹರಣೆಯ ಮನುಷ್ಯನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು ಎಂದು ಕೇಳಬಾರದು. ಶತಮಾನಗಳಿಂದ ಎಲ್ಲ ದರ್ಶನಕಾರರ ಬಳಿ ದುಡಿದವನು, ಒಂದಿಷ್ಟು ಉಳಿಸಿರುತ್ತಾನೆ.

ವಿಚಾರ್ಯ ವಿಷಯ ಇಷ್ಟೆ: ಆ ಮನೆ ಇದೆಯೇ, ಇಲ್ಲವೇ?

ಇದೆ, ಕಣ್ಣಿಗೇ ಕಾಣುತ್ತಿದೆ ಎಂದು ಪೂರ್ವಪಕ್ಷ. ಗೃಹಪ್ರವೇಶವಾಗಿದೆ, ಹಾಲುಕ್ಕಿದೆ, ಉಕ್ಕಿದ ಹಾಲಿನ ಕಲೆ ಇನ್ನೂ ಒಲೆಯ ಕಟ್ಟೆಯ ಮೇಲಿದೆ. ಲ್ಯಾಪ್‌ಟಾಪ್ ಎದುರು ಕುಳಿತ ದೇವದತ್ತನನ್ನು ಅವನ ಹೆಂಡತಿ ಕೇಳಿದ್ದೂ ಇದನ್ನೇ: “ಅಲ್ಲ ರೀ, ಮನೆಯೊಳಗೇ ಕೂತ್ಕೊಂಡು ಮನೆ ಇದ್ಯಾ ಅಂತ ಹುಡುಕ್ತಾ ಇದ್ದೀರಲ್ಲ!” ಆಕೆ ಪ್ರತ್ಯಕ್ಷಪ್ರಮಾಣವಾದಿ, ಚಾರ್ವಾಕರ ಸಾಲಿಗೆ ಸೇರಿದವಳು. ಜಾಲತಾಣ ಈ ಮತವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕಣ್ಣಿಗೆ ಕಂಡಿದ್ದನ್ನು ಫೋಟೊ ತೆಗೆದು, ಹೇಳಿದ ಅಳತೆಗೆ ಕುಗ್ಗಿಸಿ ಏರಿಸಿದರೆ ಒಪ್ಪುತ್ತದೆ.

ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಭಾಟ್ಟ ಮೀಮಾಂಸಕರು ಆರು ಎಂದರು. ಇ-ಖಾತಾ ಅರ್ಜಿ ಕೇಳುವುದನ್ನು ಎಣಿಸಿ ನೋಡಿ: ಆಧಾರ್, ನೋಂದಾಯಿತ ಪತ್ರದ ಸಂಖ್ಯೆ, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಋಣಭಾರ ಪತ್ರ, ಬೆಸ್ಕಾಂ ಸಂಖ್ಯೆ, ಆಸ್ತಿಯ ಫೋಟೊ. ಪಾಲಿಕೆ ಭಾಟ್ಟ ಸಂಪ್ರದಾಯಕ್ಕೆ ಸೇರಿದ್ದೆಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ.

ಇವುಗಳಲ್ಲಿ ಬೆಸ್ಕಾಂ ಸಂಖ್ಯೆ ಶುದ್ಧ ಅನುಮಾನ ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ. ಗೋಡೆಯ ಮೇಲೆ ಮೀಟರು ಕಂಡರೆ ಅಲ್ಲಿ ಮನೆ ಇದೆ. ಎಲ್ಲಿ ಎಲ್ಲಿ ಹತ್ತಂಕಿಯ ಖಾತೆ ಸಂಖ್ಯೆಯೋ ಅಲ್ಲಿ ಅಲ್ಲಿ ಮನೆ, ಅಡುಗೆಮನೆಯಂತೆ ಎಂದು ವ್ಯಾಪ್ತಿ. ಬೋರ್‌ವೆಲ್ಲಿಗೂ ಮೀಟರು ಇರುತ್ತದಲ್ಲ ಎಂದರೆ, ಅದು ವ್ಯಭಿಚಾರ ದೋಷವಾಗುತ್ತದೆ; ಅದನ್ನು ಇಲ್ಲಿ ಎತ್ತಬಾರದು.

ಉಪಮಾನಕ್ಕೆ ಹೆಚ್ಚು ಜಾಗ ಬೇಡ. ಪಕ್ಕದವರ ಖಾತಾ ನೋಡಿ ನಮ್ಮದೂ ಹೀಗೇ ಇರಬೇಕು ಎಂದುಕೊಳ್ಳುವುದೇ ಉಪಮಾನ, ಮತ್ತು ಅದು ಯಾವಾಗಲೂ ತಪ್ಪು.

ಶಬ್ದ ಪ್ರಮಾಣ ಮಾತ್ರ ದೊಡ್ಡದು. ಆಪ್ತರ ವಾಕ್ಯವೇ ಶಬ್ದ ಎಂದು ಲಕ್ಷಣ. ಆಪ್ತ ಯಾರು? ಇದ್ದದ್ದನ್ನು ಇದ್ದಂತೆ ಹೇಳುವವನು. ಕಂದಾಯ ಕಚೇರಿಯ ಎದುರಿಗಿರುವ ಜೆರಾಕ್ಸ್ ಅಂಗಡಿಯವನನ್ನು ಬಿಟ್ಟರೆ ಈ ಲಕ್ಷಣಕ್ಕೆ ಒಪ್ಪುವವರು ಆ ರಸ್ತೆಯಲ್ಲಿ ಬೇರೆ ಇಲ್ಲ. ಯಾವ ಫೈಲು ಎಷ್ಟು ಕೆಬಿ ಇರಬೇಕು, ಯಾವ ಹೊತ್ತಿಗೆ ಸರ್ವರ್ ಕೈಗೆ ಸಿಗುತ್ತದೆ, ಯಾವ ಬ್ರೌಸರಿನಲ್ಲಿ ಬಟನ್ ಕಾಣುತ್ತದೆ ಎಂಬುದೆಲ್ಲ ಅವನಿಗೆ ಕರತಲಾಮಲಕ. ಇವುಗಳನ್ನು ಅವನು ಓದಿ ಕಲಿತದ್ದಲ್ಲ, ಹಿಂದಿನ ಅಂಗಡಿಯವನಿಂದ ಶ್ರುತಿಪರಂಪರೆಯಾಗಿ ಬಂದದ್ದು. ದೇವದತ್ತ ಕೈಕಟ್ಟಿ ನಿಂತು, ಇದು ಆಗುವುದಿಲ್ಲವೇ ಎಂದು ಕೇಳಿದಾಗ ಅವನು ತಲೆ ಎತ್ತದೆ ಹೇಳಿದ: “ಆಗಲ್ಲ ಅಂತಲ್ಲ ಸಾರ್. ಈಗ ಆಗಲ್ಲ.”

ಈ ಮಹಾವಾಕ್ಯವನ್ನು ಅರ್ಥಾಪತ್ತಿಯಿಂದ ಬಿಡಿಸಬೇಕು. ದಪ್ಪಗಿರುವ ದೇವದತ್ತ ಹಗಲಲ್ಲಿ ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಅರ್ಥಾಪತ್ತಿಯ ಹಳೆಯ ಉದಾಹರಣೆ. ಜಾಲತಾಣ ಹಗಲಲ್ಲಿ ತೆರೆಯುವುದಿಲ್ಲ. ಆದರೂ ಊರಲ್ಲಿ ಜನರ ಕೈಯಲ್ಲಿ ಇ-ಖಾತಾಗಳಿವೆ. ಆದ್ದರಿಂದ ಅದು ರಾತ್ರಿ ತೆರೆಯುತ್ತದೆ. ದೇವದತ್ತ ಎದ್ದು ಕೂತ. ಬೆಳಗಿನ ಜಾವ ಪುಟ ತೆರೆಯಿತು. ರಾತ್ರಿ ಉಣ್ಣುವ ಅವನ ಅಭ್ಯಾಸ ಇಷ್ಟು ಕಾಲದ ಮೇಲೆ ಉಪಯೋಗಕ್ಕೆ ಬಂದದ್ದು ಹೀಗೆ.

ತೆರೆದ ಪುಟದಲ್ಲಿ ಬಂದ ಉತ್ತರ: ದಾಖಲೆ ಲಭ್ಯವಿಲ್ಲ.

ಸಾಮಾನ್ಯರು ಇಲ್ಲಿ ಎದೆಗುಂದುತ್ತಾರೆ. ಶಾಸ್ತ್ರ ಬಲ್ಲವನು ಹಿಗ್ಗಬೇಕು, ಏಕೆಂದರೆ ಅಭಾವವನ್ನೂ ಒಂದು ಪದಾರ್ಥವೆಂದು ಲೆಕ್ಕಕ್ಕೆ ಹಿಡಿದ ತಾರ್ಕಿಕರ ಪಕ್ಷವನ್ನು ಸರ್ಕಾರ ಎಂದೋ ಎತ್ತಿಹಿಡಿದಿದೆ. ಸಾಲ, ಪರಭಾರೆ ಇದ್ದರೆ ಋಣಭಾರ ಪತ್ರ ನಮೂನೆ 15ರಲ್ಲಿ ಬರುತ್ತದೆ. ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. ಇಲ್ಲ ಎಂಬುದಕ್ಕೂ ಸಹಿ, ದಿನಾಂಕ, ಶುಲ್ಕ ಇವೆ. ಹಾಗಾದರೆ ಈ ‘ಲಭ್ಯವಿಲ್ಲ’ ಯಾವ ಜಾತಿಯ ಅಭಾವ? ಇನ್ನೂ ಏರಿಸಿಲ್ಲವಾದರೆ ಪ್ರಾಗಭಾವ, ಮಡಕೆ ಆಗುವ ಮುನ್ನ ಮಣ್ಣಿನಲ್ಲಿ ಮಡಕೆ ಇಲ್ಲದ ಹಾಗೆ. ಇದು ಸೌಮ್ಯ ಜಾತಿಯದು, ಕಾದರೆ ವಾಸಿಯಾಗುತ್ತದೆ. ಅದೇ ಮನೆ ಯಜ್ಞದತ್ತನ ಬದಲು ಎದುರು ಸಾಲಿನ ಇನ್ನಾರದೋ ಹೆಸರಲ್ಲಿ ಕುಳಿತಿದ್ದರೆ ಅನ್ಯೋನ್ಯಾಭಾವ: ಈ ಮನೆ ಆ ಮನೆಯಲ್ಲ, ಆ ಮನೆ ಈ ಮನೆಯಲ್ಲ. ಕೆರೆಯಂಗಳದಲ್ಲಿ ಕಟ್ಟಿದ್ದರೆ ಅತ್ಯಂತಾಭಾವ; ಅದಕ್ಕೆ ಔಷಧವಿಲ್ಲ, ಜೆಸಿಬಿ ಇದೆ.

ದೇವದತ್ತನದು ಇವು ಯಾವುವೂ ಅಲ್ಲ, ಧ್ವಂಸಾಭಾವ. ಒಮ್ಮೆ ಇತ್ತು, ನಡುವೆ ಎಲ್ಲೋ ಹೋಯಿತು. ಎಲ್ಲಿ ಹೋಯಿತೆಂದು ತಿಳಿಯಲು ಊರಿನ ಚರಿತ್ರೆ ನೋಡಬೇಕು. 1949ರಲ್ಲಿ ಪೇಟೆ ಮತ್ತು ದಂಡು ಪ್ರದೇಶಗಳನ್ನು ಕೂಡಿಸಿ ಒಂದು ಪಾಲಿಕೆ ಮಾಡಿದರು. 2007ರಲ್ಲಿ ಅದಕ್ಕೆ ಸುತ್ತಣ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿದಾಗ ಅದು ಬೃಹತ್ತಾಯಿತು. ಅದರ 198 ವಾರ್ಡುಗಳು ಆಮೇಲೆ 243 ಆದವು, ಮತ್ತೆ 225 ಆದವು. ಆ ಎರಡು ಲೆಕ್ಕಗಳಲ್ಲಿ ಯಾವುದಕ್ಕೂ ಚುನಾವಣೆ ನಡೆಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಒಂದು ಪಾಲಿಕೆ ಐದಾಯಿತು. ಇಷ್ಟಾದರೂ ಮನೆ ಒಂದಂಗುಲವೂ ಕದಲಿಲ್ಲ. ಕಂದಾಯದವರು ಮನೆಯನ್ನು ಸ್ಥಿರಾಸ್ತಿ ಎನ್ನುವುದು ಸರಿಯೇ, ಚರಾಸ್ತಿ ಊರು. ಪುರಸಭೆಯ ದಪ್ಪ ಪುಸ್ತಕದಲ್ಲಿ ಮಸಿಯಲ್ಲಿ ಬರೆದಿದ್ದ ಒಂದು ಸಾಲು ಸ್ಕ್ಯಾನ್ ಆಗಿ, ಯಾರೋ ಬೆರಳಚ್ಚು ಮಾಡಿ, 20 ಲಕ್ಷಕ್ಕೂ ಹೆಚ್ಚು ಕರಡು ಖಾತಾಗಳ ನಡುವೆ ಬಂದು ಬೀಳುವಷ್ಟರಲ್ಲಿ ಒಂದು ದೀರ್ಘ, ಒಂದು ಒತ್ತು ಉದುರಿದರೆ ಆಶ್ಚರ್ಯವೇನು? ಯಜ್ಞದತ್ತ ಯಗ್ನದತ್ ಆಗಿ ಸಿಕ್ಕಿದ.

ಸಿಕ್ಕಿದ್ದೇ ತಡ, ನಾಮರೂಪದ ಪ್ರಶ್ನೆ ಬಂತು. ಕ್ರಯಪತ್ರದಲ್ಲಿ ‘ದೇವದತ್ತ ಬಿನ್ ಲೇಟ್ ಸೋಮದತ್ತ’. ಆಧಾರ್‌ನಲ್ಲಿ ‘ದೇವದತ್ತ ಎಸ್’. ಇಂಗ್ಲಿಷಿನಲ್ಲಿ ಒಂದರ ತಕಾರಕ್ಕೆ ಎಚ್ ಅಂಟಿಕೊಂಡಿದೆ, ಇನ್ನೊಂದರಲ್ಲಿಲ್ಲ. ನಿನ್ನೆ ಕಂಡ ದೇವದತ್ತನೇ ಈ ದೇವದತ್ತ ಎಂಬ ವಾಕ್ಯದ ಮೇಲೆ ವೇದಾಂತಿಗಳು ಎಷ್ಟು ವ್ಯಾಖ್ಯಾನ ಬರೆದಿಲ್ಲ! ಬಿಡಬೇಕಾದ ವಿಶೇಷಣಗಳನ್ನು ಬಿಟ್ಟು, ಉಳಿಯುವ ವ್ಯಕ್ತಿಯನ್ನು ಹಿಡಿಯಬೇಕು ಎಂದರು ಅವರು. ಜಾಲತಾಣಕ್ಕೆ ಈ ಲಕ್ಷಣಾವೃತ್ತಿ ಒಗ್ಗದು. ಅದು ವಾಚ್ಯಾರ್ಥವಾದಿ, ಎಚ್ ಇದ್ದರೆ ಒಬ್ಬ, ಇಲ್ಲದಿದ್ದರೆ ಇನ್ನೊಬ್ಬ.

ತೆರಿಗೆ ಪ್ರಕರಣವನ್ನು ಚುಟುಕಾಗಿ ಮುಗಿಸೋಣ. ಬೆಂಗಳೂರಿನಲ್ಲಿ 2008ರಿಂದ ಚದರಡಿಗೆ ಇಷ್ಟೆಂಬ ಘಟಕ ಮೌಲ್ಯ ಪದ್ಧತಿ ಇದೆ. ಬಡಾವಣೆಗಳನ್ನು ಎ ಇಂದ ಎಫ್‌ವರೆಗೆ ವಲಯಗಳಾಗಿ ಹಂಚಿದ್ದಾರೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಇದರಲ್ಲಿ ತಾತ್ವಿಕವಾದದ್ದು ಏನೂ ಇಲ್ಲ. ತತ್ವ ಇರುವುದು ನಮೂನೆಗಳಲ್ಲಿ. ಹೋದ ವರ್ಷದಿಂದ ಆಸ್ತಿಯಲ್ಲಿ ಬದಲಾವಣೆ ಆಗಿಲ್ಲವೆಂದರೆ ನಮೂನೆ 4. ಆಗಿದೆ ಎಂದರೆ ನಮೂನೆ 5. ಮೊದಲನೆಯದು ನಿತ್ಯವಾದಿಗಳಿಗೆ, ಎರಡನೆಯದು ಎಲ್ಲವೂ ಕ್ಷಣಿಕವೆಂದ ಬೌದ್ಧರಿಗೆ. ಕಟ್ಟಡ ಹಾಗೇ ಇದೆ, ಯಜಮಾನ ಬೇರೆಯಾಗಿದ್ದಾನೆ. ಇದು ಯಾವ ಮತ? ದೇವದತ್ತ ಈ ಪ್ರಶ್ನೆಯನ್ನು ಜೆರಾಕ್ಸ್ ಅಂಗಡಿಗೆ ಒಯ್ದ.

ಇನ್ನು ಎ ಮತ್ತು ಬಿ ಖಾತಾಗಳ ಸ್ವರೂಪ. ಬಿ ಖಾತಾದ ಮನೆಯಲ್ಲಿ ಜನ ಇರುತ್ತಾರೆ, ಅಡುಗೆಯಾಗುತ್ತದೆ, ಮದುವೆ ಮುಂಜಿಗಳಾಗುತ್ತವೆ, ತೆರಿಗೆಯೂ ಕಟ್ಟುತ್ತಾರೆ. ಆದರೆ ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಅದನ್ನು ಸಕ್ರಮವೆಂದು ಒಪ್ಪಿದಂತಲ್ಲ. ಇಲ್ಲವೆನ್ನಲಾಗದು, ತೆರಿಗೆ ಬರುತ್ತಿದೆ. ಇದೆಯೆನ್ನಲೂ ಆಗದು, ನಕ್ಷೆಗೆ ಮಂಜೂರಾತಿ ಸಿಗದು. ಶೃಂಗೇರಿಯ ಕಡೆಯವರು ಇದನ್ನು ಸತ್ತೂ ಅಲ್ಲದ ಅಸತ್ತೂ ಅಲ್ಲದ ಅನಿರ್ವಚನೀಯ ಎಂದು ಕೂಡಲೇ ಗುರುತಿಸುತ್ತಾರೆ. ಉಡುಪಿಯ ಕಡೆಯವರು ಒಪ್ಪುವುದಿಲ್ಲ: ಎ ಬೇರೆ, ಬಿ ಬೇರೆ, ಭೇದ ಸತ್ಯ, ತಾರತಮ್ಯ ನಿತ್ಯ. ಬ್ಯಾಂಕುಗಳು ಸಾಲದ ಅರ್ಜಿ ನೋಡುವಾಗ ಈ ಎರಡನೆಯ ಪಕ್ಷಕ್ಕೆ ವಾಲುತ್ತವೆ. ಎರಡು ಕಡೆಯವರನ್ನೂ ಸಮಾಧಾನಪಡಿಸಲು 2025ರಲ್ಲಿ ಸರ್ಕಾರ ಬಿ ಖಾತಾದವರು ಎ ಖಾತಾ ಪಡೆಯುವ ದಾರಿಯೊಂದನ್ನು ಪ್ರಕಟಿಸಿತು. ಜ್ಞಾನದಿಂದ ಮೋಕ್ಷವೋ ಭಕ್ತಿಯಿಂದ ಮೋಕ್ಷವೋ ಎಂಬ ಹಳೆಯ ವಾದವನ್ನು ಬದಿಗಿಟ್ಟು, ಮಾರ್ಗಸೂಚಿ ಮೌಲ್ಯದ ಮೇಲಿನ ಶುಲ್ಕದಿಂದ ಎಂದು ಅದರಲ್ಲಿ ಸಿದ್ಧಾಂತವಾಗಿದೆ.

ಕಾಲದ ಬಗ್ಗೆ ಒಂದು ಮಾತು. ವೈಶೇಷಿಕರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದರು. ಅದು ಏಕ, ವಿಭು, ನಿತ್ಯ ಎಂದರು. ಬೆಲೆ ಎಷ್ಟೆಂದು ಮಾತ್ರ ಹೇಳಲಿಲ್ಲ. ಹೇಳಿದ್ದು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011. ಅದರ ವ್ಯಾಪ್ತಿಯ ಸೇವೆ ಗೊತ್ತಾದ ಗಡುವು ಮೀರಿ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಒಟ್ಟು 500 ರೂಪಾಯಿ ಮೀರದಂತೆ. ಭಾಗಿಸಿ ನೋಡಿದರೆ ಕಾಲಕ್ಕೆ 25 ದಿನ ಬೆಲೆ ಇದೆ. 26ನೆಯ ದಿನದಿಂದ ಅದು ಮತ್ತೆ ವೈಶೇಷಿಕರ ಕಾಲವಾಗುತ್ತದೆ, ಏಕ, ವಿಭು, ನಿತ್ಯ.

ಹೀಗೆ ದೇವದತ್ತನ ಕೈಗೆ ಇ-ಖಾತಾ ಬಂತು. ಮನೆ ಸಿದ್ಧವಾಯಿತು. 2024ರ ಅಕ್ಟೋಬರಿನಿಂದ ಇದಿಲ್ಲದೆ ಪಾಲಿಕೆಯ ವ್ಯಾಪ್ತಿಯಲ್ಲಿ ಆಸ್ತಿ ನೋಂದಣಿಯೇ ನಡೆಯುವುದಿಲ್ಲವಾದ್ದರಿಂದ, ಇನ್ನು ಮಾರಬೇಕೆಂದರೂ ಮಾರಬಹುದು.

ಆದರೆ ಪೂರ್ವಪಕ್ಷಿ ಎದ್ದು ನಿಂತು ಕೇಳುತ್ತಾನೆ: ಮೀಟರಿನಿಂದ ಮನೆಯನ್ನು ಊಹಿಸಿದಿರಲ್ಲ, ಆ ಮೀಟರಿನ ಬಿಲ್ಲು ಯಾರ ಹೆಸರಿನಲ್ಲಿದೆ? ಯಜ್ಞದತ್ತನ ಹೆಸರಿನಲ್ಲಿ. ಮನೆ ಮಾರಿ ಹೋದವನ ಬಿಲ್ಲಿನ ಆಧಾರದ ಮೇಲೆ ಕೊಂಡವನ ಮನೆ ನಿಂತಿದೆ. ಹೇತು ಒಬ್ಬನದು, ಸಾಧ್ಯ ಇನ್ನೊಬ್ಬನದು. ಹೆಸರು ಬದಲಿಸಿದರಾಯಿತು ಎನ್ನಬಾರದು. ವಿದ್ಯುತ್ತಿನದು ಬೇರೆ ಸಂಸ್ಥೆ, ಬೇರೆ ಜಾಲತಾಣ, ಅಲ್ಲಿ ಮಾಲೀಕತ್ವಕ್ಕೆ ದಾಖಲೆ ಈ ಖಾತಾ. ಬಿಲ್ಲಿನಿಂದ ಖಾತಾ, ಖಾತಾದಿಂದ ಬಿಲ್ಲು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆಂದು ದೋಷಗಳ ಪಟ್ಟಿಯಲ್ಲಿ ಹಾಕಿದ್ದಾರೆ. ನೀರು ಮತ್ತು ಒಳಚರಂಡಿ ಮಂಡಳಿಯ ಜಾಲತಾಣವನ್ನೂ ಸೇರಿಸಿದರೆ ಚಕ್ರಕ.

ದೇವದತ್ತ ಆ ಅರ್ಜಿಯನ್ನೂ ಹಾಕಿದ್ದಾನೆ. ಅದು ಪ್ರಾಗಭಾವದಲ್ಲಿದೆ. ಅಲ್ಲಿಯವರೆಗೆ ಬಿಲ್ಲಿನ ಸಂದೇಶ ಹೊಳೆನರಸೀಪುರದಲ್ಲಿ ಮಗಳ ಮನೆ ಸೇರಿಕೊಂಡಿರುವ ಯಜ್ಞದತ್ತನ ಮೊಬೈಲಿಗೇ ಹೋಗುತ್ತದೆ. ಪುಣ್ಯಾತ್ಮ ತಿಂಗಳಿಗೊಮ್ಮೆ ತಪ್ಪದೆ ಫೋನ್ ಮಾಡಿ ಮೊತ್ತ ತಿಳಿಸುತ್ತಾನೆ. ಹೋದ ಸಲ ಮೊತ್ತ ಹೇಳಿದವನು ಸ್ವಲ್ಪ ತಡೆದು ಕೇಳಿದನಂತೆ: “ಏನ್ ಸ್ವಾಮಿ, ಈ ಸಾರಿ ಗೀಸರ್ ಸ್ವಲ್ಪ ಜಾಸ್ತಿನೇ ಓಡಿಸಿದ್ದೀರಲ್ಲ?”